ಕಂಪನಿ ನಟ: ಕಸುಬು, ದಾರಿ, ಮನೆ

ಕರ್ನಾಟಕದಲ್ಲಿ ಬಣ್ಣ ಹಚ್ಚುವುದನ್ನೇ ವರ್ಷವಿಡೀ ಹೊಟ್ಟೆಪಾಡು ಮಾಡಿಕೊಂಡ ನಟವರ್ಗ ರೂಪುಗೊಂಡದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಮೂರು ದಶಕಗಳಲ್ಲಿ. ಅದಕ್ಕೂ ಮೊದಲು ವೇಷ ಕಟ್ಟುವವರಿಗೆ ಈ ನಾಡಿನಲ್ಲಿ ಬರವಿರಲಿಲ್ಲ. ಕರಾವಳಿಯಲ್ಲಿ ಯಕ್ಷಗಾನದ ಮೇಳಗಳಿದ್ದವು, ಬಯಲುಸೀಮೆಯಲ್ಲಿ ದೊಡ್ಡಾಟ, ಸಣ್ಣಾಟಗಳಿದ್ದವು. ಆದರೆ ಆಟದವರಲ್ಲಿ ಬಹುಮಂದಿಗೆ ಹೊಲವೋ ಕುಲಕಸುಬೋ ಇತ್ತು. ಸುಗ್ಗಿ ಮುಗಿದ ಮೇಲೆ ಗೆಜ್ಜೆ ಕಟ್ಟಿ, ಮಳೆ ಬಿದ್ದ ಮೇಲೆ ಬಿಚ್ಚಿಡುತ್ತಿದ್ದರು. ಟಿಕೆಟ್ ಕೊಂಡು ಒಳಬಂದ ಅಪರಿಚಿತರ ಮುಂದೆ, ಊರಿಂದೂರಿಗೆ ಕ್ಯಾಂಪು ಹಾಕುತ್ತ, ಸಂಬಳಕ್ಕೆ ಅಭಿನಯಿಸುವವನು ಕಂಪನಿ ನಾಟಕದ ಜೊತೆಗೆ ಬಂದ ಹೊಸ ಮನುಷ್ಯ.

ಅವನು ಬಂದ ದಾರಿ ಸುತ್ತುಬಳಸಿನದು. ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳ 1842ರಲ್ಲಿ ಸಾಂಗಲಿಯ ಅರಸರ ಮುಂದೆ ಆಟ ಆಡಿತು. ಅದನ್ನು ಕಂಡ ಪ್ರೇರಣೆಯಿಂದ ವಿಷ್ಣುದಾಸ ಭಾವೆ ಮರುವರ್ಷ ಮರಾಠಿಯಲ್ಲಿ ಸೀತಾ ಸ್ವಯಂವರದ ಪ್ರಯೋಗ ಮಾಡಿದರು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ಸಂಗೀತ ಶಾಕುಂತಲ ಆಡಿಸಿದ ಮೇಲೆ ಮರಾಠಿ ಕಂಪನಿಗಳ ಅಬ್ಬರ ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳನ್ನು ಆವರಿಸಿತು. ಕರ್ನಾಟಕದಿಂದ ಹೋದ ಬೀಜ ಮರಾಠಿಯ ವೇಷದಲ್ಲಿ ಮರಳಿದಾಗ, ಕನ್ನಡದ ನಟರು ಅದಕ್ಕೆ ಎದುರಾಗಿ ನಿಲ್ಲಬೇಕಾಯಿತು. ಗದುಗಿನಲ್ಲಿ ಶಾಂತಕವಿ ಎಂದು ಹೆಸರಾದ ಸಕ್ಕರಿ ಬಾಳಾಚಾರ್ಯರು 1870ರ ದಶಕದಲ್ಲೇ ಮಂಡಳಿ ಕಟ್ಟಿ ಕನ್ನಡದಲ್ಲಿ ನಾಟಕ ಬರೆದು ಆಡಿಸುತ್ತಿದ್ದರು. ಮೈಸೂರಿನಲ್ಲಿ ಪಾರ್ಸಿ ಕಂಪನಿಗಳ ಝಗಮಗ ಕಂಡ ಚಾಮರಾಜೇಂದ್ರ ಒಡೆಯರು 1880ರ ದಶಕದ ಆರಂಭದಲ್ಲಿ ಅರಮನೆಯ ಆಶ್ರಯದಲ್ಲೇ ನಾಟಕ ಸಭೆಯನ್ನು ಬೆಳೆಸಿದರು. ಬಸವಪ್ಪ ಶಾಸ್ತ್ರಿಗಳ ಕನ್ನಡ ಶಾಕುಂತಲ ಆ ಹೊತ್ತಿನ ಫಲ. 1884ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಊರವರೇ ಕೂಡಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವನ್ನು ಹುಟ್ಟುಹಾಕಿದರು. ಮುಂದೆ ನಾಡಿನ ಅತಿ ದೊಡ್ಡ ಕಂಪನಿಯಾದದ್ದು ಅದೇ.

ಈ ಕಂಪನಿಗಳ ನಟರು ತಮ್ಮ ಬದುಕಿನ ಬಗ್ಗೆ ಹೇಳಿಕೊಂಡ ಮಾತುಗಳು ಕನ್ನಡದಲ್ಲಿ ಸಾಕಷ್ಟಿವೆ. ಗುಬ್ಬಿ ವೀರಣ್ಣನವರ ‘ಕಲೆಯೇ ಕಾಯಕ’, ಏಣಗಿ ಬಾಳಪ್ಪನವರ ‘ಬಣ್ಣದ ಬದುಕಿನ ಚಿನ್ನದ ದಿನಗಳು’, ಬಾಲನಟರಾಗಿದ್ದು ಸಂಗೀತಗಾರರಾದ ಮಲ್ಲಿಕಾರ್ಜುನ ಮನಸೂರರ ‘ನನ್ನ ರಸಯಾತ್ರೆ’, ಬಿ.ವಿ. ಕಾರಂತರ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’, ಬಿ. ಜಯಶ್ರೀ ಅವರ ‘ಕಣ್ಣಾಮುಚ್ಚೇ ಕಾಡೇ ಗೂಡೇ’ ಇವುಗಳಲ್ಲಿ ಮುಖ್ಯವಾದವು. ಇಂದಿನ ನಟ ಅಭಿನಯ, ವೃತ್ತಿ, ಸಂಸಾರಗಳನ್ನು ಬೇರೆಬೇರೆ ಲೆಕ್ಕದಲ್ಲಿ ಇಟ್ಟು ಮಾತಾಡುತ್ತಾನೆ. ಕಂಪನಿಯ ನಟನಿಗೆ ಆ ಮೂರೂ ಒಂದೇ ಸೂರಿನಡಿಯ ಸಂಗತಿಗಳು. ಅವನ ಪಾಠಶಾಲೆ ಕಂಪನಿ, ಅನ್ನದಾತ ಕಂಪನಿ, ಮನೆಯೂ ಕಂಪನಿ. ಅವನ ಕಲೆಯ ಬಲವೂ ಬಾಳಿನ ಇಕ್ಕಟ್ಟೂ ಅಲ್ಲಿಂದಲೇ ಹುಟ್ಟಿದವು.

ಕಂಪನಿ ಸೇರುವ ವಯಸ್ಸು ಬಹುಮಟ್ಟಿಗೆ ಎಂಟು ಹತ್ತರ ಆಸುಪಾಸು. 1891ರಲ್ಲಿ ಹುಟ್ಟಿದ ವೀರಣ್ಣನವರು ಇನ್ನೂ ಎಳೆಯ ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿಯಲ್ಲಿದ್ದರು. ಮನಸೂರರು ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ನಾಟಕ ಮಂಡಳಿಯಲ್ಲಿ ಧ್ರುವ, ಪ್ರಹ್ಲಾದರ ಪಾರ್ಟು ಮಾಡುತ್ತಿದ್ದ ಹುಡುಗ. ಬಂಟ್ವಾಳ ತಾಲೂಕಿನ ಮಂಚಿಯ ಕಾರಂತರು ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದರು. ಹೀಗೆ ಓಡಿಬಂದವರ ಕಥೆ ಕಂಪನಿಯ ಇತಿಹಾಸದುದ್ದಕ್ಕೂ ಸಿಗುತ್ತದೆ. ಮರ್ಯಾದಸ್ಥ ಮನೆಯವರು ನಾಟಕದವರನ್ನು ಅನುಮಾನದಿಂದ ನೋಡುತ್ತಿದ್ದ ಕಾಲದಲ್ಲಿ ಹಿರಿಯರ ಅಪ್ಪಣೆ ಪಡೆದು ನಟನಾಗುವುದು ಸುಲಭವಿರಲಿಲ್ಲ. ಇನ್ನು ಕೆಲವರಿಗೆ ಬಡತನವೇ ದಾರಿ ತೋರಿಸಿತು. ಕಂಪನಿ ಸೇರಿದರೆ ಎರಡು ಹೊತ್ತಿನ ಊಟ ಖಂಡಿತ ಎಂಬುದು ಸಣ್ಣ ಆಕರ್ಷಣೆಯಾಗಿರಲಿಲ್ಲ.

ಕಲಿಕೆ ಕಟ್ಟುನಿಟ್ಟಿನದು. ಹುಡುಗರು ಮೊದಲು ಬಾಲಗೋಪಾಲರಾಗಿ ನಾಂದಿಗೆ ನಿಲ್ಲಬೇಕು, ಸಖಿಯರ ಗುಂಪಿನಲ್ಲಿ ಹಾಡಬೇಕು, ಆಮೇಲೆ ಚಿಕ್ಕ ಪಾರ್ಟು. ಹಾರ್ಮೋನಿಯಂ ಮಾಸ್ತರರ ಮುಂದೆ ಕುಳಿತು ಮಟ್ಟು ಕಲಿಯುವುದು, ಕಂಪನಿಯ ಕವಿಗಳು ಹೇಳಿಕೊಟ್ಟ ಮಾತನ್ನು ಬಾಯಿಪಾಠ ಮಾಡುವುದು, ರಾತ್ರಿ ಪರದೆಯ ಸಂದಿಯಿಂದ ಹಿರಿಯ ನಟನ ಹೆಜ್ಜೆ, ಕತ್ತಿನ ತಿರುವು, ನಿಟ್ಟುಸಿರನ್ನು ಗಮನಿಸುವುದು, ಇದೇ ಶಿಕ್ಷಣ. ಅಕ್ಷರ ಬಾರದ ಹುಡುಗನೂ ಹಳೆಗನ್ನಡದ ಕಂದ, ವೃತ್ತ, ಸೀಸಪದ್ಯಗಳನ್ನು ತಪ್ಪಿಲ್ಲದೆ ಹೇಳುತ್ತಿದ್ದ. ಮುಂದೆ ರಾಜ್‌ಕುಮಾರ್ ಎಂದು ನಾಡಿಗೆ ಪರಿಚಿತರಾದ ಮುತ್ತುರಾಜರು ಶಾಲೆಯಲ್ಲಿ ಕಲಿತದ್ದು ಅತ್ಯಲ್ಪ. ಅವರ ಕನ್ನಡದ ಉಚ್ಚಾರಣೆಯನ್ನು ವಿದ್ವಾಂಸರು ಮೆಚ್ಚಿಕೊಂಡರು. ಅದು ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರಿಂದಲೂ ಗುಬ್ಬಿ ಕಂಪನಿಯ ರಂಗದಿಂದಲೂ ಬಂದ ಆಸ್ತಿ.

ಆ ಕಾಲದ ಅಭಿನಯವನ್ನು ಕೃತಕ, ಅತಿರೇಕ ಎಂದು ತಳ್ಳಿಹಾಕುವವರು ಅದು ಯಾವ ಪರಿಸ್ಥಿತಿಯಲ್ಲಿ ನಡೆಯುತ್ತಿತ್ತೆಂಬುದನ್ನು ಮರೆಯುತ್ತಾರೆ. ಮೈಕು ಇರಲಿಲ್ಲ. ತಗಡಿನ ಗೋಡೆಯ, ಗಳ ಕಟ್ಟಿ ಎಬ್ಬಿಸಿದ ಥಿಯೇಟರಿನಲ್ಲಿ ನೆಲದ ಮೇಲೆ ಕೂತವನಿಂದ ಹಿಡಿದು ಕಟ್ಟಕಡೆಯ ಬೆಂಚಿನವನವರೆಗೆ ಮಾತು ಮುಟ್ಟಬೇಕು. ದೀಪವೆಂದರೆ ಬಹುಕಾಲ ಗ್ಯಾಸ್‌ಲೈಟು. ಆ ಬೆಳಕಿನಲ್ಲಿ ಕಣ್ಣಿನ ಸಣ್ಣ ಚಲನೆ ಹತ್ತು ಸಾಲಿನಾಚೆ ಕಾಣದು. ಹಾಗಾಗಿ ಕಂಠ ತಾರಸ್ಥಾಯಿಯಲ್ಲಿ ನಿಲ್ಲಬೇಕಿತ್ತು, ಕೈ ಅಗಲವಾಗಿ ಬೀಸಬೇಕಿತ್ತು, ಮುಖದ ಬಣ್ಣ ಗಾಢವಾಗಬೇಕಿತ್ತು. ರಾತ್ರಿ ಒಂಬತ್ತಕ್ಕೆ ತೊಡಗಿದ ನಾಟಕ ಬೆಳಗಿನ ಜಾವದವರೆಗೆ ಎಳೆಯುತ್ತಿದ್ದ ಕಾಲದಲ್ಲಿ ಜನ ‘ಒನ್ಸ್‌ಮೋರ್’ ಎಂದರೆ ಸತ್ತುಬಿದ್ದ ಪಾತ್ರವೂ ಎದ್ದು ಹಾಡಬೇಕು. ಇಷ್ಟರ ನಡುವೆಯೂ ಪಾತ್ರದ ಒಳಗನ್ನು ಕಾಣಿಸಿದವರು ಇದ್ದರು. ಮೈಸೂರಿನ ರತ್ನಾವಳಿ ಕಂಪನಿಯ ಎ.ವಿ. ವರದಾಚಾರ್ಯರು (1869–1926) ಹಿರಣ್ಯಕಶಿಪುವಿನ ಪಾತ್ರದಲ್ಲಿ ದೈತ್ಯನ ಅಟ್ಟಹಾಸದ ಒಳಗೆ ಮಗನನ್ನು ಕಳೆದುಕೊಳ್ಳುವ ತಂದೆಯ ಸಂಕಟವನ್ನೂ ತಂದರೆಂಬ ಕಾರಣಕ್ಕೆ ಹಿರಿಯರ ನೆನಪಿನಲ್ಲಿ ಉಳಿದರು. ನಾಟಕ ಶಿರೋಮಣಿ ಎಂಬ ಬಿರುದು ಅವರಿಗೆ ಸಲ್ಲಬೇಕಾದದ್ದೇ. ಮಹಮ್ಮದ್ ಪೀರ್ ಅವರ ಷಹಜಹಾನ್, ಗೌತಮಬುದ್ಧ ಪಾತ್ರಗಳೂ ಗದುಗಿನ ಗರುಡ ಸದಾಶಿವರಾಯರ ಎಚ್ಚಮನಾಯಕನೂ ಇದೇ ಸಾಲಿನವು. ಗರುಡರದು ಹಾಡಿಗಿಂತ ಮಾತಿನ ಓಜಸ್ಸನ್ನು ನೆಚ್ಚಿದ ಅಭಿನಯ. ಹಾಡೇ ನಾಟಕವಾಗಿದ್ದ ದಿನಗಳಲ್ಲಿ ಅದು ದೊಡ್ಡ ಧೈರ್ಯ.

ಹಾಸ್ಯಪಾರ್ಟಿನವರ ಕಸುಬು ಬೇರೆಯೇ ಜಾತಿಯದು. ಗಂಭೀರ ಪಾತ್ರಧಾರಿ ಬರೆದದ್ದನ್ನು ಕಾಪಾಡಬೇಕು, ಹಾಸ್ಯಗಾರ ಬರೆಯದೇ ಇದ್ದದ್ದನ್ನು ಆ ಕ್ಷಣದಲ್ಲಿ ಹುಟ್ಟಿಸಬೇಕು. ಸದಾರಮೆ ನಾಟಕದಲ್ಲಿ ವೀರಣ್ಣನವರ ಕಳ್ಳನ ಪಾತ್ರ ನೋಡಲೆಂದೇ ಜನ ಮತ್ತೆ ಮತ್ತೆ ಬರುತ್ತಿದ್ದರು. ಕಂಪನಿಯ ಮಾಲೀಕ ರಾಜಪಾರ್ಟನ್ನು ತನಗಿಟ್ಟುಕೊಳ್ಳುವುದು ವಾಡಿಕೆಯಾಗಿದ್ದಾಗ, ಮಾಲೀಕರಾದ ಮೇಲೂ ಅವರು ಕಳ್ಳನಾಗಿಯೇ ಮುಂದುವರಿದದ್ದು ಅವರ ಆತ್ಮವಿಶ್ವಾಸಕ್ಕೆ ಸಾಕ್ಷಿ. ಮೈಸೂರಿನ ಮಿತ್ರಮಂಡಳಿಯ ಕೆ. ಹಿರಣ್ಣಯ್ಯನವರ ಆಶುಮಾತು ಇನ್ನೊಂದು ಬಗೆಯದು. ಅವರ ಮಗ ಮಾಸ್ಟರ್ ಹಿರಣ್ಣಯ್ಯ (1934–2019) ಅದನ್ನು ರಾಜಕೀಯ ವಿಡಂಬನೆಗೆ ತಿರುಗಿಸಿದರು. ‘ಲಂಚಾವತಾರ’ದ ಮಾತು ಆ ಬೆಳಗಿನ ಪತ್ರಿಕೆ ನೋಡಿಕೊಂಡು ಬದಲಾಗುತ್ತಿತ್ತು. ಸಾವಿರಾರು ಪ್ರದರ್ಶನ ಕಂಡ ನಾಟಕ ಹಳಸದೆ ಉಳಿದದ್ದಕ್ಕೆ ಕಾರಣ ಅದೇ.

ಸ್ತ್ರೀಪಾರ್ಟಿನ ಕಥೆ ನಟರ ಖಾಸಗಿ ಬದುಕಿಗೆ ಹತ್ತಿರ ಒಯ್ಯುತ್ತದೆ. ಆರಂಭದಲ್ಲಿ ಹೆಣ್ಣು ಪಾತ್ರಗಳನ್ನು ಮಾಡುತ್ತಿದ್ದವರು ಮೀಸೆ ಮೂಡದ ಹುಡುಗರು ಮತ್ತು ಅದರಲ್ಲೇ ಪಳಗಿದ ಗಂಡಸರು. ಬೆಳಗಾವಿ ಜಿಲ್ಲೆಯ ಏಣಗಿಯ ಬಾಳಪ್ಪನವರು (1914–2017) ಯೌವನದಲ್ಲಿ ಸ್ತ್ರೀಪಾತ್ರಗಳಿಂದಲೇ ಹೆಸರಾದರು. ಸೀರೆ ನಿರಿಗೆ ಹಿಡಿಯುವುದು, ಕೂತೇಳುವುದು, ತಲೆ ತಗ್ಗಿಸುವುದು ಎಲ್ಲವನ್ನೂ ಮನೆಯ ಹೆಂಗಸರನ್ನು ನೋಡಿ ಕಲಿಯಬೇಕಿತ್ತು. ಇಂಥವರ ಬಾಳಿಗೆ ಒಂದು ಕಠಿಣ ತಿರುವು ಕಾದಿರುತ್ತಿತ್ತು. ಗಂಟಲು ಒಡೆದರೆ ನಿನ್ನೆಯವರೆಗಿನ ನಾಯಕಿ ಇಂದು ಯಾರೂ ಅಲ್ಲ. ಕೆಲವರು ಆ ಹಂತದಲ್ಲಿ ಪರದೆ ಎಳೆಯುವ ಕೆಲಸಕ್ಕೆ ಇಳಿದರು, ಕೆಲವರು ಊರಿಗೆ ಮರಳಿದರು. ಬಾಳಪ್ಪನವರು ಪುರುಷಪಾತ್ರಗಳಿಗೆ ದಾಟಿ, ಸ್ವಂತ ಕಂಪನಿ ಕಟ್ಟಿ, ಬಸವಣ್ಣನ ಪಾತ್ರದಲ್ಲಿ ಎರಡನೆಯ ಕೀರ್ತಿ ಗಳಿಸಿದರು. ಒಂದೇ ಆಯುಸ್ಸಿನಲ್ಲಿ ಎರಡು ದೇಹಭಾಷೆಗಳನ್ನು ಕಲಿತು ಗೆದ್ದವರು ವಿರಳ.

ಹೆಣ್ಣುಮಕ್ಕಳು ರಂಗಕ್ಕೆ ಬಂದದ್ದು ಸಮಾಜ ಒಪ್ಪಿ ಅಲ್ಲ, ಕಂಪನಿಗಳು ಹಟ ಹಿಡಿದುದರಿಂದ. ಸಂಗೀತ, ನೃತ್ಯದ ಹಿನ್ನೆಲೆಯ ಕುಟುಂಬಗಳಿಂದ ಹಲವರು ಬಂದರು. ಗುಬ್ಬಿ ಕಂಪನಿಯ ಸುಂದರಮ್ಮ, ಬಿ. ಜಯಮ್ಮ ಅವರಂಥ ಕಲಾವಿದೆಯರು ಟಿಕೆಟ್ ಗಲ್ಲಾವನ್ನೇ ನಿರ್ಧರಿಸುವ ಮಟ್ಟಕ್ಕೆ ಬೆಳೆದರು. ಇಬ್ಬರೂ ವೀರಣ್ಣನವರ ಪತ್ನಿಯರು. ಕಂಪನಿಯ ಒಳಗೇ ಮದುವೆ, ಕಂಪನಿಯಲ್ಲೇ ಬಾಣಂತನ, ಕಂಪನಿಯ ತೊಟ್ಟಿಲಲ್ಲೇ ಮಕ್ಕಳು ಎಂಬುದು ಅಂದಿನ ಸಾಮಾನ್ಯ ಚಿತ್ರ. ಹೊರಗಿನವರು ನಾಟಕದವರಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದುದರಿಂದ ಸಂಬಂಧಗಳು ಒಳಗೊಳಗೇ ಕೂಡಿದವು. ಏಣಗಿ ಬಾಳಪ್ಪನವರ ಪತ್ನಿ ಲಕ್ಷ್ಮೀಬಾಯಿಯವರೂ ಅದೇ ರಂಗದ ನಟಿ. ಹೊಸ ಊರಿಗೆ ಹೋದಾಗ ಬಾಡಿಗೆಗೆ ಹಿಡಿದ ಕಂಪನಿ ಮನೆಯಲ್ಲಿ ಒಂದೇ ಒಲೆ, ಒಂದೇ ಪಂಕ್ತಿ. ಹಗಲು ಜಗಳವಾಡಿದ ಗಂಡಹೆಂಡಿರು ರಾತ್ರಿ ನಳದಮಯಂತಿಯರಾಗಿ ಅಗಲಿಕೆಯ ಹಾಡು ಹಾಡಬೇಕಿತ್ತು.

ಈ ಒಳಮನೆಯ ವಿಷಯದಲ್ಲಿ ಹಳೆಯ ಆತ್ಮಕಥೆಗಳು ಮಿತಭಾಷಿಗಳು. ಯಾವ ಊರಿನಲ್ಲಿ ಎಷ್ಟು ನಾಟಕವಾಯಿತು, ಯಾವ ಮಹಾರಾಜರು ಯಾವ ಪದಕ ಕೊಟ್ಟರು ಎಂಬುದು ವಿವರವಾಗಿ ಬರುತ್ತದೆ. ಬಹುಪತ್ನಿತ್ವದ ಮನೆಯ ಹೆಂಗಸರು ಏನನ್ನು ನುಂಗಿಕೊಂಡರು, ಮಗುವನ್ನು ಪರದೆಯ ಹಿಂದೆ ಮಲಗಿಸಿ ಬಂದ ತಾಯಿ ಹೇಗೆ ನಗೆಯ ದೃಶ್ಯ ಮುಗಿಸಿದಳು ಎಂಬುದಕ್ಕೆ ಅಲ್ಲಿ ಜಾಗ ಕಡಿಮೆ. ಆ ಮೌನವನ್ನು ತಕ್ಕಮಟ್ಟಿಗೆ ಮುರಿದವರು ಮುಂದಿನ ತಲೆಮಾರಿನ ಹೆಣ್ಣುಮಕ್ಕಳು. ವೀರಣ್ಣನವರ ಮೊಮ್ಮಗಳು ಜಯಶ್ರೀ ಅವರು ಕಂಪನಿಯ ಬಾಲ್ಯವನ್ನು ಹೇಳಿಕೊಂಡಾಗ, ಅಜ್ಜನ ವೈಭವದ ಜೊತೆಗೆ ಆ ಮನೆಯ ಹೆಂಗಸರ ದುಡಿಮೆಯೂ ಕಣ್ಣಿಗೆ ಬಿತ್ತು.

ನಟಿಯರು ಸಂಬಳದವರಾಗಿಯಷ್ಟೇ ಉಳಿಯಲಿಲ್ಲ. ಮೈಸೂರಿನ ಆರ್. ನಾಗರತ್ನಮ್ಮ (1926–2012) 1958ರಲ್ಲಿ ಹೆಂಗಸರೇ ಎಲ್ಲ ಪಾತ್ರಗಳನ್ನೂ ಮಾಡುವ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿದರು. ಅವರ ಕಂಸ, ರಾವಣ, ದುರ್ಯೋಧನ, ಭೀಮ ಪಾತ್ರಗಳನ್ನು ಕಂಡವರಿಗೆ ಹಿಂದೆ ಗಂಡಸರು ಸೀರೆಯುಟ್ಟ ರಂಗಕ್ಕೆ ಇದೇ ತಕ್ಕ ಮರುಮಾತು ಎನ್ನಿಸಿದ್ದರೆ ಅಚ್ಚರಿಯಿಲ್ಲ. ದಾವಣಗೆರೆಯ ಚಿಂದೋಡಿ ಲೀಲಾ ಅವರು ಕೆ.ಬಿ.ಆರ್. ಡ್ರಾಮಾ ಕಂಪನಿಯ ನಾಯಕನಟಿಯಾಗಿದ್ದು, ‘ಹಳ್ಳಿ ಹುಡುಗಿ’ಯಂಥ ಸಾಮಾಜಿಕ ನಾಟಕವನ್ನು ನಾಡಿನಾದ್ಯಂತ ಕೊಂಡೊಯ್ದರು.

ಹಣದ ಲೆಕ್ಕ ಯಾರಿಗೂ ನೆಟ್ಟಗೆ ಕೂಡುತ್ತಿರಲಿಲ್ಲ. ಕಲೆಕ್ಷನ್ ಚೆನ್ನಾಗಿದ್ದ ಕ್ಯಾಂಪಿನಲ್ಲಿ ಸಂಬಳ, ಮಳೆ ಹಿಡಿದ ಕ್ಯಾಂಪಿನಲ್ಲಿ ಊಟ ಮಾತ್ರ. ಮುಂಗಡ ಪಡೆದ ನಟ ಅದು ತೀರುವವರೆಗೆ ಕಂಪನಿ ಬಿಡುವಂತಿರಲಿಲ್ಲ, ತೀರುವ ಹೊತ್ತಿಗೆ ಮಗಳ ಮದುವೆಗೋ ಕಾಯಿಲೆಗೋ ಮತ್ತೊಂದು ಮುಂಗಡ. ಹೆಸರಾಂತ ನಟನಿಗೆ ಪಕ್ಕದ ಕಂಪನಿಯ ಮಾಲೀಕ ಸಾಲ ತೀರಿಸಿ ಕರೆದೊಯ್ಯುವುದೂ ಇತ್ತು. ಮಾಲೀಕನ ಪಾಡೂ ಇದಕ್ಕಿಂತ ಸುಖದ್ದಲ್ಲ. ಹೊಸ ನಾಟಕಕ್ಕೆ ಸೀನರಿ ಬರೆಸಬೇಕು, ಮಖಮಲ್ಲಿನ ಪರದೆ ತರಬೇಕು, ಊರು ಬದಲಿಸಿದಾಗ ಸಾಮಾನು ರೈಲಿಗೆ ಹಾಕಬೇಕು. ಗುಬ್ಬಿ ಕಂಪನಿ 1934ರಲ್ಲಿ ಬಿ. ಪುಟ್ಟಸ್ವಾಮಯ್ಯನವರ ಕುರುಕ್ಷೇತ್ರವನ್ನು ಬೆಂಗಳೂರಿನಲ್ಲಿ ಆಡಿದಾಗ ಆನೆ, ಕುದುರೆಗಳೇ ರಂಗಕ್ಕೆ ಬಂದವು. ಅಂಥ ಸಾಹಸಕ್ಕೆ ಗಲ್ಲಾ ತುಂಬಲೇಬೇಕು, ಇಲ್ಲವಾದರೆ ಕಂಪನಿ ಮುಳುಗಬೇಕು. 1917ರಲ್ಲಿ ಮಾಲೀಕತ್ವ ವಹಿಸಿಕೊಂಡ ವೀರಣ್ಣನವರು ತೆಲುಗು, ತಮಿಳು ಸೀಮೆಗಳಿಗೂ ಕಂಪನಿಯನ್ನು ಒಯ್ದು, ಮಕ್ಕಳಿಗಾಗಿಯೇ ಒಂದು ಶಾಖೆ ತೆರೆದು ಈ ಜೂಜನ್ನು ದಶಕಗಟ್ಟಲೆ ನಿಭಾಯಿಸಿದರು. ಬಹುತೇಕ ಕಂಪನಿಗಳಿಗೆ ಅದು ಆಗಲಿಲ್ಲ. ಒಬ್ಬ ನಟನ ಕಂಠವನ್ನು ನೆಚ್ಚಿ ನಿಂತ ಕಂಪನಿ ಆ ಕಂಠ ಇಲ್ಲವಾದೊಡನೆ ಕುಸಿಯುತ್ತಿತ್ತು.

ಇದೇ ಹೊತ್ತಿನಲ್ಲಿ ನಟನೆಯನ್ನು ಹೊಟ್ಟೆಪಾಡು ಮಾಡಿಕೊಳ್ಳದೆ ಪ್ರೀತಿಸಿದವರೂ ಇದ್ದರು. ಬಳ್ಳಾರಿಯ ರಾಘವ (1880–1946) ವಕೀಲರು. ವಕಾಲತ್ತಿನ ದುಡಿಮೆ ಇದ್ದುದರಿಂದ ಯಾವ ಪಾತ್ರವನ್ನು ಹೇಗೆ ಮಾಡಬೇಕೆಂಬುದು ಅವರದೇ ತೀರ್ಮಾನವಾಗಿತ್ತು. ಬೆಂಗಳೂರಿನ ಹವ್ಯಾಸಿಗಳು ಕೈಲಾಸಂ ಅವರ ನಾಟಕಗಳಲ್ಲಿ ಹಾಡು ಬಿಟ್ಟು ಮನೆಮಾತನ್ನು ಹಿಡಿದದ್ದೂ ಗಲ್ಲಾದ ಚಿಂತೆ ಇಲ್ಲದವರ ಸ್ವಾತಂತ್ರ್ಯದಿಂದ. ಆದರೆ ಈ ಸ್ವಾತಂತ್ರ್ಯವನ್ನು ಹೊಗಳಿ ಕಂಪನಿಯವರನ್ನು ಹಳಿಯುವುದು ನ್ಯಾಯವಲ್ಲ. ಹವ್ಯಾಸಿ ನಟ ಆಗೀಗ ರಂಗ ಹತ್ತುತ್ತಿದ್ದ, ಕಂಪನಿ ನಟ ವಾರಕ್ಕೆ ನಾಲ್ಕೈದು ರಾತ್ರಿ. ಹಳ್ಳಿಯ ಜನಕ್ಕೆ ನಾಟಕವೆಂದರೇನೆಂದು ತೋರಿಸಿದವನು ಕಂಪನಿಯವನೇ.

ಕೆಲವರಿಗೆ ಕಂಪನಿ ಬೇರೊಂದು ಕಲೆಗೆ ಹೊಸ್ತಿಲಾಯಿತು. ಬಾಲಕ ಮನಸೂರರ ಹಾಡನ್ನು ನಾಟಕದಲ್ಲಿ ಕೇಳಿದ ಅಪ್ಪಯ್ಯಸ್ವಾಮಿಗಳು ಅವರಿಗೆ ಶಾಸ್ತ್ರೀಯ ಸಂಗೀತದ ದಾರಿ ತೋರಿದರು, ಮುಂದೆ ಮಿರಜದ ನೀಲಕಂಠಬುವಾ ಗುರುಗಳಾದರು. ಬಸವರಾಜ ರಾಜಗುರು ಅವರೂ ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ಕಂಪನಿಯಲ್ಲಿದ್ದವರು. ಕಾರಂತರನ್ನು ಹೆಚ್ಚಿನ ಓದಿಗೆ ಕಾಶಿಗೆ ಕಳಿಸಿದವರು ವೀರಣ್ಣನವರೇ. ತನ್ನಲ್ಲಿ ದುಡಿಯುತ್ತಿದ್ದ ಹುಡುಗನನ್ನು ಓದಲು ಬಿಟ್ಟುಕೊಟ್ಟ ಆ ಯಜಮಾನಿಕೆ ಕನ್ನಡ ರಂಗಭೂಮಿಗೆ ಮುಂದೆ ಎಷ್ಟು ಲಾಭ ತಂದಿತೆಂಬುದು ಎಲ್ಲರಿಗೂ ಗೊತ್ತು.

ನಟ ನಿಜವಾಗಿ ಆಯ್ಕೆಯ ಮುಂದೆ ನಿಂತದ್ದು ಮಾತಾಡುವ ಚಿತ್ರ ಬಂದ ಮೇಲೆ. 1934ರಲ್ಲಿ ಬಿಡುಗಡೆಯಾದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ಕೊಲ್ಲಾಪುರದಲ್ಲಿ ತಯಾರಾಯಿತು. ಇಂದ್ರಜಿತುವಾಗಿ ಎಂ.ವಿ. ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾವ್ ಅಭಿನಯಿಸಿದರು. ಇಬ್ಬರೂ ಕಂಪನಿಯವರು, ಸಂಭಾಷಣೆ ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳೂ ಕಂಪನಿಯ ಕವಿಗಳೇ. ಚಿತ್ರ ಮುಗಿದ ಮೇಲೆ ನಾಯ್ಡು, ರಾವ್ ಜೋಡಿ ರಂಗಕ್ಕೇ ಮರಳಿ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯನ್ನು ನಡೆಸಿತು. ವರ್ಷಕ್ಕೆ ಒಂದೆರಡೇ ಕನ್ನಡ ಚಿತ್ರ ಬರುತ್ತಿದ್ದಾಗ ಸಿನಿಮಾ ನಂಬಿ ರಂಗ ಬಿಡುವುದು ಅವಿವೇಕವಾಗುತ್ತಿತ್ತು. ವೀರಣ್ಣನವರು ಮೂಕಿ ಚಿತ್ರಗಳ ಕಾಲದಲ್ಲೇ ನಿರ್ಮಾಣಕ್ಕೆ ಕೈಹಾಕಿದವರು. ‘ಹೇಮರೆಡ್ಡಿ ಮಲ್ಲಮ್ಮ’ (1945) ಮುಂತಾದವುಗಳಲ್ಲಿ ತಮ್ಮ ನಾಟಕಗಳ ಯಶಸ್ಸನ್ನೇ ತೆರೆಗೆ ತಂದರು. ಕಂಪನಿಯ ಹಿನ್ನೆಲೆಯ ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಮೂವರೂ 1954ರ ‘ಬೇಡರ ಕಣ್ಣಪ್ಪ’ದಲ್ಲಿ ಅಭಿನಯಿಸಿದರು. ಆ ಗೆಲುವಿನ ಬಳಿಕವೂ ಕೈತುಂಬ ಕೆಲಸವಿರಲಿಲ್ಲ. ಇವರು ನಟ ಬಾಲಕೃಷ್ಣ ಅವರೊಡನೆ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿ, ನಾಟಕಗಳನ್ನು ಆಡುತ್ತ ಊರೂರು ತಿರುಗಿದರು. ಆ ಸಂಘವೇ ‘ರಣಧೀರ ಕಂಠೀರವ’ (1960) ಚಿತ್ರವನ್ನು ತಯಾರಿಸಿತು. ಸಿನಿಮಾ ಕೈಕೊಟ್ಟಾಗ ಅನ್ನ ಕೊಟ್ಟದ್ದು ಹಳೆಯ ಕಸುಬು.

ರಂಗದಿಂದ ತೆರೆಗೆ ಬಂದವರು ಕಲಿತದ್ದನ್ನು ಅರ್ಧ ಮರೆಯಬೇಕಿತ್ತು. ಕ್ಯಾಮರಾದ ಮುಂದೆ ತಾರಸ್ಥಾಯಿ ಬೇಡ, ಬೀಸುಗೈ ಬೇಡ. ರಾಜ್‌ಕುಮಾರ್ ಅವರ ಮೊದಲ ಚಿತ್ರಗಳಿಂದ ಎಪ್ಪತ್ತರ ದಶಕದ ಚಿತ್ರಗಳವರೆಗೆ ನೋಡುತ್ತ ಬಂದರೆ ಆ ತಗ್ಗುವಿಕೆ ನಿಧಾನವಾಗಿ ನಡೆದದ್ದು ಕಾಣುತ್ತದೆ. ಸಂಗೀತ ಮಾತ್ರ ಉಳಿಯಿತು: 1974ರ ‘ಸಂಪತ್ತಿಗೆ ಸವಾಲ್’ನಿಂದ ಅವರು ತಮ್ಮ ಪಾತ್ರಗಳಿಗೆ ತಾವೇ ಹಾಡತೊಡಗಿದಾಗ ಕಂಪನಿಯ ನಟಗಾಯಕ ಮತ್ತೆ ಕಾಣಿಸಿಕೊಂಡ. ಸಂಸಾರದ ಮಟ್ಟಿಗೂ ಕಂಪನಿಯ ಪದ್ಧತಿ ಹೊಸ ರೂಪದಲ್ಲಿ ಮುಂದುವರಿಯಿತು. ತಮ್ಮ ವರದರಾಜ್ ಮತ್ತು ಪತ್ನಿ ಪಾರ್ವತಮ್ಮನವರು ಚಿತ್ರಗಳ ಆಯ್ಕೆ, ನಿರ್ಮಾಣ, ಹಂಚಿಕೆಗಳನ್ನು ನೋಡಿಕೊಂಡರು. ತೆರೆಯ ಮೇಲೆ ಕುಡಿತ, ಧೂಮಪಾನ ಮಾಡದ ನಿಯಮವೂ, ಪ್ರೇಕ್ಷಕರನ್ನು ದೇವರೆಂದು ಕರೆದ ರೀತಿಯೂ ಜನರ ಮುಂದೆಯೇ ಬದುಕಿದ ರಂಗಸಂಸ್ಕೃತಿಯಿಂದ ಬಂದವೆಂದು ತಿಳಿಯಬಹುದು.

ಅರವತ್ತರ ದಶಕದ ನಂತರ ಕಂಪನಿಗಳು ಒಂದೊಂದಾಗಿ ಡೇರೆ ಕಿತ್ತವು. ಬಾಳಪ್ಪನವರ ಕಂಪನಿ 1980ರ ದಶಕದ ಆರಂಭದಲ್ಲಿ ನಿಂತಿತು. ಅತ್ತ 1972ರಲ್ಲಿ ಬೆಂಗಳೂರಿನಲ್ಲಿ ಕಾರಂತರು ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ಗಳನ್ನು ಬಯಲಿನಲ್ಲಿ ಆಡಿಸಿ ಹವ್ಯಾಸಿಗಳಲ್ಲಿ ಹೊಸ ಹುರುಪು ತಂದರು. ಬ್ಯಾಂಕು, ಕಾರ್ಖಾನೆ, ಸರ್ಕಾರಿ ಕಚೇರಿಗಳಲ್ಲಿ ಹಗಲು ದುಡಿದು ಸಂಜೆ ತಾಲೀಮಿಗೆ ಬರುವ ನಟರ ಕಾಲ ಅದು. ಸುಬ್ಬಯ್ಯ ನಾಯ್ಡು ಅವರ ಮಗ ಲೋಕೇಶ್ ಈ ಹೊಸ ರಂಗಭೂಮಿಯಲ್ಲೂ ಸಿನಿಮಾದಲ್ಲೂ ಹೆಸರಾದರು. ಕಾರಂತರ ಸಂಗೀತದಲ್ಲಿ ಗುಬ್ಬಿಯ ಹಾರ್ಮೋನಿಯಂ ಕೇಳಿಸುತ್ತಲೇ ಇತ್ತು.

ನಟನಿಗೆ ತಿಂಗಳ ಸಂಬಳ ಎಂಬ ಹಳೆಯ ಕಲ್ಪನೆ ಬೇರೆ ರೂಪದಲ್ಲಿ ಮರಳಿದ್ದು 1980ರ ದಶಕದಲ್ಲಿ. ಹೆಗ್ಗೋಡಿನ ನೀನಾಸಂ 1985ರಲ್ಲಿ ತಿರುಗಾಟ ಆರಂಭಿಸಿ, ತರಬೇತಾದ ನಟರನ್ನು ನಾಡಿನ ಊರುಗಳಿಗೆ ಕಳಿಸಿತು. 1989ರಲ್ಲಿ ಮೈಸೂರಿನಲ್ಲಿ ಕಾರಂತರ ಮುಂದಾಳುತನದಲ್ಲಿ ಸರ್ಕಾರದ ರಂಗಾಯಣ ಹುಟ್ಟಿತು. ಅಲ್ಲಿನ ಕಲಾವಿದರಿಗೆ ಮಳೆ ಬಂದರೂ ಸಂಬಳ ನಿಲ್ಲುವುದಿಲ್ಲ. ಕಂಪನಿಯ ವೃದ್ಧ ಕಲಾವಿದರಿಗೆ ಸರ್ಕಾರದ ಮಾಸಾಶನವೇ ಆಸರೆ. ವೃತ್ತಿರಂಗದ ಕಸುಬನ್ನು ಉಳಿಸಲೆಂದು ದಾವಣಗೆರೆಯಲ್ಲೂ ವೃತ್ತಿ ರಂಗಭೂಮಿ ರಂಗಾಯಣ ಸ್ಥಾಪನೆಯಾಗಿದೆ. ಉತ್ತರ ಕರ್ನಾಟಕದಲ್ಲಿ ಕಂಪನಿಗಳು ಇನ್ನೂ ಬದುಕಿವೆ. ಬಾದಾಮಿಯ ಬನಶಂಕರಿ ಜಾತ್ರೆಗೆ ಪ್ರತಿ ಜನವರಿಯಲ್ಲಿ ಹಲವು ಕಂಪನಿಗಳು ಅಕ್ಕಪಕ್ಕದಲ್ಲೇ ಥಿಯೇಟರು ಹಾಕಿ, ದಿನಕ್ಕೆ ಒಂದಕ್ಕಿಂತ ಹೆಚ್ಚು ಆಟ ಆಡುತ್ತವೆ. ಇಂದಿನ ಜಾತ್ರೆಯ ನಾಟಕದಲ್ಲಿ ಹಾಸ್ಯಕ್ಕೇ ಅಗ್ರಪಟ್ಟ, ಕಂದಪದ್ಯ ಹೇಳುವವರು ಕಡಿಮೆ. ಕಿರುತೆರೆಯ ಮುಖವೊಂದನ್ನು ಅತಿಥಿ ಕಲಾವಿದರಾಗಿ ಕರೆಸಿ ಗಲ್ಲಾ ತುಂಬಿಸಿಕೊಳ್ಳುವ ಮಾಲೀಕರೂ ಉಂಟು. ಹಾಗಿದ್ದೂ ಜಾತ್ರೆ ಮುಗಿದ ಮೇಲೆ ಸಾಮಾನು ಲಾರಿಗೆ ಏರಿಸಿ, ಸಂಸಾರ ಸಮೇತ ಮುಂದಿನ ಊರಿನ ಕ್ಯಾಂಪಿಗೆ ಹೊರಡುವ ನಟನಟಿಯರು ಅಲ್ಲಿ ಈಗಲೂ ಇದ್ದಾರೆ.